ಝಡ್ ಡ್ರೈವಿನಲ್ಲಿದ್ದ ಲಗ್ನಪತ್ರಿಕೆ

ಹಳೇ ಕಂಪ್ಯೂಟರು ಇರುವ ಕಡೆ ಇಂಥವು ನಡೆಯುತ್ತಲೇ ಇರುತ್ತವೆ, ನಾನಾಗಿ ಹುಡುಕಿಕೊಂಡು ಹೋದವನಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನಿಗೆ ಒಂದೂರಲ್ಲಿ ಕಾಲು ನಿಲ್ಲಲಿಲ್ಲ. ಬೆಳಿಗ್ಗೆ ಶ್ರೀರಂಗಪಟ್ಟಣ, ಮಧ್ಯಾಹ್ನ ಕೆ.ಆರ್. ಪೇಟೆ, ಚೀಲದಲ್ಲಿ ಒಂದು ಸುತ್ತು ವೈರು. ಎರಡು ಕಂಪ್ಯೂಟರು ಜೋಡಿಸಿ, ಇದರ ಫೋಲ್ಡರು ಅದರಲ್ಲೂ ಕಾಣುವ ಹಾಗೆ ಮಾಡಿ, ಅದಕ್ಕೆ ಝಡ್ ಡ್ರೈವು ಅಂತ ಹೆಸರಿಟ್ಟು ಬರುತ್ತಿದ್ದೆ. ಈಗ ಮದುವೆ ಪತ್ರಿಕೆಗಳೆಲ್ಲ ಮೊಬೈಲಿಗೇ ಬರುತ್ತವೆ. ವೈರು ಮಾತ್ರ ಚೀಲದಲ್ಲಿ ಹಾಗೇ ಇದೆ, ಪಾಂಡವಪುರದ ಲಗ್ನಪತ್ರಿಕೆ ಅಂಗಡಿಯ ನೆನಪೂ ಹಾಗೇ ಇದೆ.

೧. ಕಿಟಕಿ

ಅಂಗಡಿಯ ಮುಂದುಗಡೆ ಯಜಮಾನರು, ಹಿಂದೆ ಅಡಿಗೆಮನೆ ಪಕ್ಕ ಅವರ ಹೆಂಡತಿ. ನಾನು ಅವರನ್ನು ಅಕ್ಕ ಅನ್ನುತ್ತಿದ್ದೆ. ಇಬ್ಬರಿಗೂ ಒಂದೊಂದು ಕಂಪ್ಯೂಟರು, ಪತ್ರಿಕೆಗಳೆಲ್ಲ ಮುಂದಿನದರಲ್ಲಿ. ಅಕ್ಕನಿಗೆ ಝಡ್ ಹಾಕಿಕೊಟ್ಟು ಬಂದ ಮೂರನೇ ದಿನ ಫೋನು, ಎಲ್ಲಾ ಮಾಯ ಅಂತ. ಅವಳ ಹತ್ರಾನೂ ಇದ್ದಾವಲ್ಲ, ಎರಡು ಕಡೆ ಯಾಕೆ ಅಂತ ಯಜಮಾನರು ತಮ್ಮವನ್ನೆಲ್ಲ ಅಳಿಸಿದ್ದರು.

ಇರೋದು ಒಂದೇ ಅಣ್ಣ, ಅಕ್ಕ ಕಿಟಕಿಯಿಂದ ನೋಡ್ತಿದ್ದದ್ದು ನಿಮ್ಮದನ್ನೇ, ಅಂತ ವಿವರಿಸಿ, ಕಂಪ್ಯೂಟರಿನ ಕಸದ ಬುಟ್ಟಿಯಿಂದ ಎತ್ತಿ ವಾಪಸ್ ಹಾಕಿದೆ.

"ಇಣುಕೋದಾ? ಮದುವೆಯಾದ ದಿನದಿಂದ ಅದೇ ಕೆಲಸ ಕಣ್ಲಾ ಅವಳ್ದು" ಅಂದರು.

೨. ಕೆಂಪು ಗುರುತು

ಝಡ್ ಮೇಲೆ ಕೆಂಪು ಇಂಟು ಗುರುತು ಬಂದಿದೆ ಅಂತ ಅಕ್ಕ ಕರೆಸಿದರು. ನಾಗಮಂಗಲದಿಂದ ಎರಡು ಬಸ್ಸು ಬದಲಾಯಿಸಿ ಬಂದರೆ ವೈರು ನೆಟ್ಟಗಿದೆ, ಮುಂದಿನ ಕಂಪ್ಯೂಟರೇ ಆಫ್. ಸಾರಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕೆ ಜಗಳವಾಗಿ, ಯಜಮಾನರು ಕೋಪದಲ್ಲಿ ಆರಿಸಿ ಕೂತಿದ್ದರು.

"ಆನ್ ಮಾಡು ಅಂತ ನೀನೇ ಯೋಳಪ್ಪ, ನಾನು ಅವರ ತಾವ ಮಾತಾಡ್ತಿಲ್ಲ" ಅಂದರು ಅಕ್ಕ.

ಆಮೇಲಿಂದ ಕೆಂಪು ಗುರುತು ಅಂತ ಫೋನು ಬಂದರೆ ನಾನು ಮೊದಲು ಕೇಳುತ್ತಿದ್ದದ್ದು, ಇವತ್ತು ಏನು ಸಾರು ಅಕ್ಕ ಅಂತ.

೩. ಮಗಳ ಪತ್ರಿಕೆ

ಅವರ ಮಗಳಿಗೇ ಮದುವೆ ಗೊತ್ತಾಯಿತು. ಹದಿನೈದು ದಿನ ಉಳಿದರೂ ಪತ್ರಿಕೆ ಅಚ್ಚಾಗಿಲ್ಲ, ಅಚ್ಚಾಗದೆ ನೆಂಟರನ್ನು ಕರೆಯುವಂತಿಲ್ಲ. ಗಲಾಟೆಯೆಲ್ಲ ಸುಖಾಗಮನ ಬಯಸುವವರ ಪಟ್ಟಿಯದು. ಝಡ್‌ನಲ್ಲಿ ಒಬ್ಬರು ಫೈಲು ತೆರೆದಿಟ್ಟರೆ ಇನ್ನೊಬ್ಬರು ನೋಡಬಹುದು, ತಿದ್ದುವಂತಿಲ್ಲ. ಇದನ್ನು ಕಂಡುಕೊಂಡ ಯಜಮಾನರು, ಅಕ್ಕ ತನ್ನ ಅಣ್ಣತಮ್ಮಂದಿರನ್ನು ಸೇರಿಸದಿರಲಿ ಅಂತ ಫೈಲು ತೆರೆದಿಟ್ಟು, ಅಂಗಡಿಗೆ ಬೀಗ ಹಾಕಿ ಚಿನಕುರಳಿಗೆ ಹೋಗಿಬಿಟ್ಟರು.

ಅಕ್ಕ ನನ್ನನ್ನು ಕರೆಸಿದರು, ನಾನು ಯಜಮಾನರನ್ನು ಕರೆಸಿದೆ. ಸರದಿಯ ಮೇಲೆ ಒಬ್ಬೊಬ್ಬರಾಗಿ ತಿದ್ದಿ ಅಂತ ಒಪ್ಪಿಸಿದೆ. ಹೆಸರು ಜಾಸ್ತಿಯಾಗಿ ಹಾಳೆ ಸಾಲಲಿಲ್ಲ, ಒಂದು ಸಾಲು ತೆಗೆಯಲೇಬೇಕಾಯಿತು. ತೆಗೆದಾದ ಮೇಲೆ, ಯಾರ ಕಡೆಯವನೂ ಅಲ್ಲ ಅಂತ ನನಗೇ ಪರೀಕ್ಷೆ ಮಾಡಲು ಕೊಟ್ಟರು. ಬೆರಳಿಟ್ಟು ಹೆಸರು ಎಣಿಸಿದೆ. ಈ ಕಡೆ ಹತ್ತೊಂಬತ್ತು, ಆ ಕಡೆ ಹತ್ತೊಂಬತ್ತು. ಸಮ ಇದೆ ಅಂದೆ. ಅಚ್ಚಾಯಿತು.

ಮಗಳು ಒಂದು ಪತ್ರಿಕೆ ಎತ್ತಿಕೊಂಡು ಎರಡು ಸಲ ಓದಿದಳು. "ಅಪ್ಪಾ, ನಾನು ಯಾವ ಛತ್ರಕ್ಕೆ ಬರ್ಲಿ?" ಅಂದಳು.

ಯಜಮಾನರು ತಮ್ಮ ಕಡೆಯ ಹೆಸರು ತೆಗೆದಿರಲಿಲ್ಲ, ಅಕ್ಕ ತಮ್ಮ ಕಡೆಯದನ್ನು ತೆಗೆಯಲು ಬಿಟ್ಟಿರಲಿಲ್ಲ. ಇಡೀ ಪತ್ರಿಕೆಯಲ್ಲಿ ಯಾರ ಕಡೆಗೂ ಸೇರದ ಸಾಲು ಛತ್ರದ್ದೊಂದೇ ಇತ್ತು.