ದುಂಡು ಮನೆಗೊಂದು ಬೀರು

ಟೈಲರ್ ಒಂದು ಗೋಡೆಗೆ ಅಳತೆ ತೆಗೆದುಕೊಂಡ. ಎಲ್ಲ ಫಜೀತಿಯೂ ಅಲ್ಲಿಂದಲೇ ಶುರುವಾಯಿತು.

ಆತ ಬಾಡಿಗೆಗಿದ್ದದ್ದು ದುಂಡು ಮನೆಯಲ್ಲಿ. ಮನೆಯ ಯಜಮಾನರು ಪ್ರಾಯದಲ್ಲಿ ಯಾವುದೋ ಪುಸ್ತಕದಲ್ಲಿ ಅಂಥ ಮನೆಯ ಚಿತ್ರ ಕಂಡು ಮರುಳಾಗಿ ಕಟ್ಟಿಸಿದ್ದರು. ಕಟ್ಟಿಸಿದ ಮೇಲೆ ಮಂಚ ಎಲ್ಲಿಡಬೇಕೆಂದು ತಿಳಿಯದೆ ತಾವು ಚೌಕದ ಮನೆಯೊಂದಕ್ಕೆ ಹೋಗಿ ನೆಲೆಸಿದ್ದರು. ಟೈಲರಿಗೆ ಮಾತ್ರ ಆ ಮನೆಯೆಂದರೆ ಜೀವ. ಸುತ್ತಲೂ ಕಿಟಕಿಗಳು. ಬೆಳಕು ಸರಿದಂತೆ ಹೊಲಿಗೆ ಯಂತ್ರವನ್ನೂ ಸರಿಸುತ್ತ ಹೋದರೆ ಸಂಜೆಯವರೆಗೆ ದೀಪ ಹಾಕುವ ಗೊಡವೆಯಿಲ್ಲ.

ಹೆಂಡತಿಗೆ ಅದೇ ಮನೆ ಗಂಟಲ ಮುಳ್ಳು. ಇಡೀ ಮನೆಗೆ ಹೇಳಿಕೊಳ್ಳಲು ಒಂದು ಮೂಲೆಯಿಲ್ಲ. ಪೊರಕೆ ಒರಗಿಸಿದರೆ ಜಾರಿ ಬೀಳುತ್ತಿತ್ತು. ಮುನಿಸಿಕೊಂಡು ಕೂರೋಣವೆಂದರೆ ಎಲ್ಲಿ ಕೂತರೂ ಗಂಡನ ಎದುರಿಗೇ ಕೂತ ಹಾಗಾಗುತ್ತಿತ್ತು. ಸಾಮಾನುಗಳು ಯಾವ ಗೋಡೆಗೂ ಒಗ್ಗದೆ, ರೈಲು ತಪ್ಪಿಸಿಕೊಂಡ ಸಂಸಾರದ ಹಾಗೆ ಕೋಣೆಯ ನಡುವೆ ಗುಂಪುಗೂಡಿ ನಿಂತಿದ್ದವು.

"ಪತ್ರಿಕೇಲಿ ಬರ್ದಿದಾರೆ ಕಣ್ರೀ," ಅಂದಳು ಒಂದು ದಿನ. "ಸಾಮಾನು ಗೋಡೆಗೆ ಸೇರಿರ್ಬೇಕಂತೆ, ನಡುವೆ ಓಡಾಡೋಕೆ ಜಾಗ ಇರ್ಬೇಕಂತೆ, ಬಂದೋರ ಕಣ್ಣು ಒಂದು ಚೆಂದದ ವಸ್ತು ಮೇಲೆ ನಿಲ್ಬೇಕಂತೆ. ನಮ್ಮನೇಲಿ ಬಂದೋರ ಮೊಣಕಾಲು ನಿಲ್ಲತ್ತೆ, ಮಂಚಕ್ಕೆ ಬಡ್ಕೊಂಡು! ಒಂದು ಬೀರುವಾದ್ರೂ ಗೋಡೆಗೆ ಕೂತ್ರೆ ಇಲ್ಲಿರೋಣ. ಇಲ್ದಿದ್ರೆ ಮೂಲೆ ಇರೋ ಮನೆ ನೋಡಿ."

ಟೈಲರ್ ಗೋಡೆಯ ಬಾಗಿಗೆ ಸರಿಯಾಗಿ ಬಾಗಿದ ಬೀರು ಬೇಕೆಂದು ಬಡಗಿಗೆ ಹೇಳಿದ. ಬಡಗಿ ಅಳತೆಗೆ ಬರುತ್ತೇನೆಂದಾಗ ಈತನಿಗೆ ಅವಮಾನವಾಯಿತು. "ಮೂವತ್ತು ವರ್ಷದಿಂದ ಎಂಥೆಂಥ ಹೊಟ್ಟೆಗೆ ಅಳತೆ ತಗೊಂಡಿದೀನಿ, ಒಂದು ಗೋಡೆ ಯಾವ ಲೆಕ್ಕ?" ಒಳಗೆ ಸಾಮಾನು ಅಡ್ಡವಿದ್ದದ್ದರಿಂದ ಹೊರಗೆ ಹೋಗಿ, ಗೋಡೆಗೆ ಕಾಗದ ಹಿಡಿದು, ಬಾಗನ್ನು ಕತ್ತರಿಸಿ ಕೊಟ್ಟ. ಮನುಷ್ಯರನ್ನು ಆತ ಯಾವತ್ತೂ ಹೊರಗಿನಿಂದಲೇ ಅಳೆದದ್ದು. ಮನೆಯ ವಿಷಯ ಬೇರೆ ಇರಬಹುದೆಂದು ಹೊಳೆಯಲೇ ಇಲ್ಲ.

ಬೀರು ಬೆಳಗ್ಗೆ ಒಂಬತ್ತಕ್ಕೆ ಕೈಗಾಡಿಯಲ್ಲಿ ಬಂತು. ಅದರ ಹಿಂದೆಯೇ, ಯಾರೂ ಕರೆಯದೆ, ಎದುರುಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಬಂದರು. ಕೆಲಸ ಬಿಟ್ಟು ಹತ್ತು ವರ್ಷವಾದರೂ ಅವರ ಕೊರಳಿನಿಂದ ವಿಸಿಲ್ ಇಳಿದಿರಲಿಲ್ಲ.

"ಎತ್ತಿ! ಎಡಗಾಲು ಮುಂದೆ!" ಎನ್ನುತ್ತ ಮೇಷ್ಟ್ರು ಬೀರುವನ್ನು ಒಳಗೆ ಹೊಗಿಸಿದರು. ತಾವು ಹಿಂದುಗಡೆ ಗೋಡೆಗೆ ಬೆನ್ನು ಕೊಟ್ಟು ನಿಂತು, "ಬರ್ಲಿ, ಬರ್ಲಿ, ಇನ್ನೂ ಬರ್ಲಿ!" ಅಂದರು. ಬಡಗಿ, ಟೈಲರ್ ಇಬ್ಬರೂ ಉಸಿರು ಕಟ್ಟಿ ತಳ್ಳಿದರು. ಬೀರುವಿನ ಎರಡೂ ತುದಿ ಗೋಡೆಗೆ ಠಪ್ಪೆಂದು ಬಡಿದವು.

"ನಿಲ್ಸಿ! ನಾನಿನ್ನೂ ಇಲ್ಲೇ ಇದೀನಿ!" ಎಂದಿತು ಬೀರು.

ಗೋಡೆ ಅತ್ತ ಬಾಗಿದ್ದರೆ ಬೀರು ಇತ್ತ ಬಾಗಿತ್ತು. ನಡುವಿನ ದೋಣಿಯಂಥ ಸಂದಿಯಲ್ಲಿ ಮೇಷ್ಟ್ರು ಸಿಕ್ಕಿಕೊಂಡಿದ್ದರು. ಕೈಯಾಡಿಸಲಾಗದೆ ಬಾಯಿಗೆ ಸಿಕ್ಕಿದ ವಿಸಿಲನ್ನೇ ಊದಿದರು. ಅರ್ಧ ಬೀದಿ ಓಡಿಬಂತು. ಎಳೆದವರು ಹನ್ನೆರಡು ಮಂದಿ, ಸಲಹೆ ಕೊಟ್ಟವರು ಹತ್ತೊಂಬತ್ತು ಮಂದಿ. ಮೇಷ್ಟ್ರ ಜೊತೆಗೆ ಬೀರುವೂ ಅಂಗಳಕ್ಕೆ ಬಂತು.

ಅಲ್ಲಿ ಯಾರೋ ಅದನ್ನು ಹೊರಗೋಡೆಗೆ ಒರಗಿಸಿದರು. ಎಂಥ ಹೊಂದಿಕೆ! ಮನೆಗೇ ವೇಸ್ಟ್‌ಕೋಟು ಹೊಲಿಸಿ ತೊಡಿಸಿದ ಹಾಗೆ ಕಚ್ಚಿಕೊಂಡು ಕೂತಿತು. ಜನ ಬಿದ್ದು ಬಿದ್ದು ನಕ್ಕರು. ಬಡಗಿ ಕಾಗದವನ್ನು ಟೈಲರ ಮೂಗಿಗೆ ಹಿಡಿದು, "ಅಣ್ಣಾ, ನೀವು ಕೊಟ್ಟಿದ್ದು ಇದೇ ತಾನೇ?" ಅಂದ.

ಮೇಷ್ಟ್ರು ಮಾತ್ರ ನಗಲಿಲ್ಲ. "ಪಾಪ, ಆತನ್ನ ಯಾಕ್ರೀ ಆಡ್ಕೋತೀರಿ? ತಪ್ಪೆಲ್ಲ ಈ ಮನೇದು! ನಡೀರಿ ನನ್ನ ಜೊತೆ!" ಎಂದು ಮೈಮೇಲಿನ ಸುಣ್ಣ ಕೊಡವಿಕೊಂಡು, ಗುಂಪನ್ನು ಕಟ್ಟಿಕೊಂಡು ಎಲ್ಲಿಗೋ ಹೊರಟುಹೋದರು. ಅವರು ಹೋದದ್ದೇ ಸಾಕೆಂದು ಟೈಲರ್ ಎಲ್ಲಿಗೆಂದು ಕೇಳಲಿಲ್ಲ.

ಒಳಗಿಂದ ಪಾತ್ರೆಗಳ ಸದ್ದು ಬಂತು. ಹೆಂಡತಿ ಒಂದೊಂದನ್ನೇ ಟ್ರಂಕಿಗೆ ತುಂಬುತ್ತಿದ್ದಳು. ಅವಳು ಬೈದಿದ್ದರೆ ಆತನಿಗೆ ಎಷ್ಟೋ ಧೈರ್ಯ ಇರುತ್ತಿತ್ತು.

ಟೈಲರ್ ಮೆಟ್ಟಿಲ ಮೇಲೆ ಕುಸಿದು ಕೂತ. ಸುಮ್ಮನಿರಲಾರದ ಕೈ ಗಿರಾಕಿಯೊಬ್ಬರ ಹಳೆಯ ಕೋಟನ್ನು ಎತ್ತಿಕೊಂಡಿತು. ಮಾಸಿದ ಬಟ್ಟೆಯನ್ನು ಬಿಚ್ಚಿ, ಒಳಮೈ ಹೊರಗೆ ಬರುವ ಹಾಗೆ ತಿರುವಿ ಹೊಲಿಯಬೇಕಿತ್ತು. ನಾಲ್ಕು ಹೊಲಿಗೆ ಬಿಚ್ಚಿದವನು ತಟ್ಟನೆ ಎದ್ದು ನಿಂತ.

"ಬೀರುವನ್ನೂ ತಿರುವಿಬಿಡೋಣ! ಬೆನ್ನಿರೋ ಕಡೆ ಬಾಗಿಲು, ಬಾಗಿಲಿರೋ ಕಡೆ ಬೆನ್ನು!"

"ಬೀರು ಏನು ಕೋಟಾ?" ಎಂದ ಬಡಗಿ. ಆಮೇಲೆ ತಲೆ ಕೆರೆದುಕೊಂಡ, ಬೀರುವಿನ ಸುತ್ತ ಒಂದು ಪ್ರದಕ್ಷಿಣೆ ಬಂದ, ತೆಪ್ಪಗೆ ಸ್ಕ್ರೂಡ್ರೈವರ್ ತೆಗೆದ.

ಮಧ್ಯಾಹ್ನ ಊಟ ಯಾರಿಗೂ ನೆನಪಾಗಲಿಲ್ಲ. ಬಾಗಿಲು ಕಳಚಿದರು, ಹಿಂಬದಿಯ ಹಲಗೆ ಕಿತ್ತರು, ಅಡ್ಡಹಲಗೆ ಒಂದೊಂದನ್ನೂ ತಿರುಗಿಸಿದರು. ಟೈಲರ ಹೆಬ್ಬೆರಳಿಗೆ ಎರಡು ಸಲ ಸುತ್ತಿಗೆ ಬಿತ್ತು. ಎರಡು ಸಲವೂ ಸುತ್ತಿಗೆ ಆತನದೇ ಕೈಯಲ್ಲಿತ್ತು. ಐದೂವರೆಗೆ ಬೀರುವನ್ನು ಒಳಗೆ ಒಯ್ದು ಮೆಲ್ಲಗೆ ತಳ್ಳಿದರೆ, ಆಹಾ! ಬೆನ್ನಿಗೂ ಗೋಡೆಗೂ ನಡುವೆ ಒಂದು ಬೆರಳು ಹೋಗದು. ಒಳಬಾಗಿದ ಬಾಗಿಲುಗಳು ಗೋಡೆಯ ಜೊತೆಗೇ ಹರಿದು ಹೋಗುವಂತಿದ್ದವು. ಚಿಲ್ಲರೆ ಸಾಮಾನೆಲ್ಲ ಅದರೊಳಗೆ ಸೇರಿ, ಕೋಣೆಯ ನಡುವೆ ಎಷ್ಟೋ ಕಾಲಕ್ಕೆ ಖಾಲಿ ನೆಲ ಕಂಡಿತು.

ಹೆಂಡತಿ ಹೊಸ್ತಿಲಿಗೆ ಹೋಗಿ, ಹೊಸಬಳ ಹಾಗೆ ಒಳಗೆ ಬಂದು ನೋಡಿದಳು. ಕಣ್ಣು ಬೀರುವಿನ ಮೇಲೇ ನಿಂತಿತು. "ಪತ್ರಿಕೇಲಿ ಹೇಳಿದ ಹಾಗೇ ಇದೆ ಅಲ್ವೇನ್ರೀ? ಇನ್ನು ಯಾರು ಬಂದು ಕರೆದ್ರೂ ಈ ಮನೆ ಬಿಟ್ಟು ಬರಲ್ಲ ನಾನು," ಎಂದು ಟ್ರಂಕಿನ ಪಾತ್ರೆಗಳನ್ನು ತೆಗೆಯತೊಡಗಿದಳು. ಬಡಗಿ ಹೆಮ್ಮೆಯಿಂದ ಚಹಾ ಕುಡಿದು, ಗಾಡಿ ತಳ್ಳಿಕೊಂಡು ಹೋದ.

ಅಷ್ಟರಲ್ಲಿ ಬೀದಿಯಲ್ಲಿ ವಿಸಿಲ್ ಕೇಳಿಸಿತು. ಮೇಷ್ಟ್ರು ಮುಂದೆ, ಬೀದಿಯ ಜನ ಹಿಂದೆ, ನಡುವೆ ಬೆವರೊರೆಸಿಕೊಳ್ಳುತ್ತ ಮನೆಯ ಯಜಮಾನರು.

"ತಪ್ಪಾಯ್ತು ಟೈಲರ್ರೇ," ಎಂದು ಯಜಮಾನರು ನೇರ ಒಳಗೆ ಬಂದು ಆತನ ಕೈ ಹಿಡಿದುಕೊಂಡರು. "ನಿಮ್ಮ ಕಷ್ಟ ಇಷ್ಟು ದಿನ ನಂಗೆ ಗೊತ್ತೇ ಇರ್ಲಿಲ್ಲ. ಬೀದಿಯವರೆಲ್ಲ ಬಂದು ಉಗಿದ್ಮೇಲೆ ಅರ್ಥ ಆಯ್ತು. ನಾಳೆ ಬೆಳಗ್ಗೇನೇ ಗಾರೆ ಕೆಲಸದವರು ಬರ್ತಾರೆ. ಒಳಗಡೆ ನೆಟ್ಟಗೆ ನಾಲ್ಕು ಗೋಡೆ ಎಬ್ಬಿಸಿಬಿಡ್ತಾರೆ."

"ಅಂದ್ರೆ ನಾಲ್ಕು ಮೂಲೆ!" ಅಂದರು ಮೇಷ್ಟ್ರು. "ಮೂವತ್ತೊಂದು ಜನ ಸಹಿ ಹಾಕಿದೀವಿ!"

"ಬೇಡ ಸಾರ್... ನಮಗೆ ಹೀಗೇ..." ಎನ್ನುತ್ತ ಟೈಲರ್ ಕೈ ಬಿಡಿಸಿಕೊಳ್ಳಲು ನೋಡಿದ. ಹೆಂಡತಿ ಕೈಯಲ್ಲಿ ಪಾತ್ರೆ ಹಿಡಿದೇ ನಿಂತುಬಿಟ್ಟಳು.

"ಸಂಕೋಚ ಬೇಡಪ್ಪಾ. ಇಟ್ಟಿಗೆ ಆಗ್ಲೇ ಹೊರಟಿದೆ," ಎಂದು ಯಜಮಾನರು ಆತನ ಬೆನ್ನು ತಟ್ಟಿದರು. ಹೊರಡುವ ಮುನ್ನ ಅವರ ಕಣ್ಣು ಬೀರುವಿನ ಮೇಲೆ ಬಿತ್ತು. ಹತ್ತಿರ ಹೋಗಿ, ತಲೆಯನ್ನು ಈ ಕಡೆ ಆ ಕಡೆ ವಾಲಿಸಿ ನೋಡಿ, ದನಿ ತಗ್ಗಿಸಿದರು:

"ಮರ ಏನೋ ಒಳ್ಳೇದೇ ಇದೆ. ಆದ್ರೆ ಟೈಲರ್ರೇ, ಬೀರು ಸೊಟ್ಟಗಿದೆಯಲ್ರೀ! ಆ ಬಡಗಿ ಯಾವನೋ ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ."