ಅತ್ತೆ ಕೊಟ್ಟ ಬಂಗಾರದ ಗಿಡ

"ಮೊಳಕಾಲೆತ್ತರದ ಒಂದು ಗಿಡ! ಅದನ್ನ ಸಾಕೋದೂ ಒಂದು ಕೆಲಸವೇ? ಮುಂದಿನ ವರ್ಷ ಇಡೀ ಓಡೆನ್ಸೆ ಊರೇ ನಮ್ಮ ಬಾಗಿಲಿಗೆ ಬಂದು ನೋಡ್ಕೊಂಡು ಹೋಗ್ಬೇಕು, ನೋಡ್ತಾ ಇರಿ!"

ಏಪ್ರಿಲ್‌ನಲ್ಲಿ, ಮಗ ಆಸ್ಗರನಿಗೆ ಚರ್ಚಿನಲ್ಲಿ ಹೆಸರಿಟ್ಟ ದಿನ, ನೆಂಟರೆಲ್ಲರ ಮುಂದೆ ಸಿಡ್ಸೆಲ್ ಹೀಗೆ ಘೋಷಿಸಿಬಿಟ್ಟಿದ್ದಳು. ಅತ್ತೆ ಗುಡ್ರುನ್ ಮೊಮ್ಮಗನ ಹೆಸರಿನಲ್ಲಿ ತಂದದ್ದು ಮೈತುಂಬ ಬಂಗಾರದ ಬಣ್ಣದ ಒಂದು ಕುಳ್ಳ ಸೈಪ್ರೆಸ್ ಗಿಡ. ಹಿಮ ಬಿದ್ದರೂ ಎಲೆ ಉದುರಿಸದ ಜಾತಿ. "ಗಿಡವೂ ಮಗುವೂ ಜೊತೇಲೇ ಬೆಳೀಲಿ ಕಣಮ್ಮ" ಎಂದರು ಅತ್ತೆ. ಹಾಗೆಂದು ಮರೆತೂಬಿಟ್ಟರು. ಸಿಡ್ಸೆಲ್ ಮರೆಯಬೇಕಲ್ಲ! ಕೋಪನ್‌ಹೇಗನ್ನಿನ ನಾಲ್ಕನೇ ಮಹಡಿಯಲ್ಲಿ ಓದಿ ಬೆಳೆದು, ಮಣ್ಣೆಂದರೆ ಬೂಟಿಗೆ ಅಂಟುವ ವಸ್ತು ಎಂದಷ್ಟೇ ಬಲ್ಲ ಹುಡುಗಿ. ಆ ಮಾತು ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತು. ಗಿಡ ಬೆಳೆಯದಿದ್ದರೆ? ಒಂದು ಗಿಡ ಉಳಿಸಿಕೊಳ್ಳಲಾರದವಳು ಮಗುವನ್ನು ಉಳಿಸಿಕೊಂಡಾಳೆಯೇ?

ಮೇ ತಿಂಗಳಲ್ಲಿ, ಬಂಗಾರದ ಎಲೆ ಸುಡುಬಿಸಿಲಿಗೆ ಕಮರುತ್ತದೆ ಎಂದು ಯಾವುದೋ ಪತ್ರಿಕೆಯಲ್ಲಿ ಓದಿದಳು. ಓದಿದ್ದೇ ತಡ, ಬಾಗಿಲ ಬಳಿ ನೆಟ್ಟ ಗಿಡದ ಮೇಲೆ ಛತ್ರಿ ಬಂತು. ಛತ್ರಿಯ ಸುತ್ತ ಬಿಳಿ ಬಟ್ಟೆ ಬಂತು. ದಿನಕ್ಕೆ ಮೂರು ಹೊತ್ತು ನೀರು! ಗಂಡ ಟ್ರೋಲ್ಸ್ ನೋಡಿ ನೋಡಿ ಕೇಳಿದ:

"ಇದೇನೇ, ಗಿಡಕ್ಕೆ ಬಾಣಂತನವಾ?"

"ನಿಮಗೇನು ಗೊತ್ತು, ಸುಮ್ನಿರಿ! ಇವತ್ತು ಅದರ ಮುಖ ಸರಿ ಇಲ್ಲ."

"ಗಿಡಕ್ಕೆ ಮುಖ ಎಲ್ಲಿದೆ?"

"ಅದಕ್ಕೇ ನಿಮಗೆ ಕಾಣಿಸಲ್ಲ!"

ಆಗಸ್ಟ್ ಬಂತು. ಸಿಡ್ಸೆಲ್ ಬಟ್ಟೆ ಸರಿಸಿ ನೋಡಿದರೆ ಬಂಗಾರ ಮಾಯ. ಗಿಡಕ್ಕೆ ಹಸಿರು! ಪಕ್ಕದ ಮನೆಯ ಬೇಲಿಯಂಥ ಹಸಿರು! ರೋಗವೆಂದು ತಿಳಿದು ಇನ್ನೊಂದು ಪದರ ಬಟ್ಟೆ ಹೊದಿಸಿದಳು. ಅದು ಇನ್ನಷ್ಟು ಹಸಿರಾಯಿತು. ಅಂದಿನಿಂದ ಆಸ್ಗರ್ ಒಂದು ಸೀನು ಸೀನಿದರೂ ಅವಳು ಮೊದಲು ಅಂಗಳಕ್ಕೆ ಓಡಿ ಗಿಡ ನೋಡಿ ಬರುತ್ತಿದ್ದಳು.

ಸೆಪ್ಟೆಂಬರಿನ ಒಂದು ಶನಿವಾರ ಬೆಳಗ್ಗೆ ಅತ್ತೆಯ ಫೋನು. "ಮೂರು ಗಂಟೆಗೆ ಕಾಫಿಗೆ ಬರ್ತೀನಿ. ಮಗೂನೂ ನೋಡಿದ ಹಾಗಾಯ್ತು, ಗಿಡಾನೂ ನೋಡಿದ ಹಾಗಾಯ್ತು."

ಮುಗಿಯಿತು ಕಥೆ! ಸಿಡ್ಸೆಲ್ ಅತ್ತಳು, ಅಡುಗೆಮನೆಯಲ್ಲಿ ಒಮ್ಮೆ, ಅಂಗಳದಲ್ಲಿ ಒಮ್ಮೆ. ಕೊನೆಗೆ ಟ್ರೋಲ್ಸ್, "ಅಳಬೇಡ ಮಾರಾಯ್ತಿ, ಅಂಥದ್ದೇ ಇನ್ನೊಂದು ತಂದ್ರಾಯ್ತು" ಎಂದು ಆಸ್ಗರನನ್ನು ಎದೆಗೆ ಕಟ್ಟಿಕೊಂಡು ನರ್ಸರಿಗೆ ಹೊರಟ. ಅವಳು ಹಳೆಯ ಗಿಡವನ್ನು ಬೇರುಸಮೇತ ಅಗೆದು ಬಕೆಟ್ಟಿಗೆ ಹಾಕಿದಳು. ಎಸೆಯಲು ಕೈ ಬರಲಿಲ್ಲ. ಬಚ್ಚಿಡೋಣವೆಂದರೆ ಎಲ್ಲಿ? ಶೆಡ್ಡಿನಲ್ಲಿ ಅತ್ತೆ ಸೈಕಲ್ಲು ನಿಲ್ಲಿಸುತ್ತಾರೆ. ಗೊಬ್ಬರದ ಗುಂಡಿಯನ್ನು ಬಂದಾಗಲೆಲ್ಲ ಕೆದಕಿ ನೋಡುತ್ತಾರೆ. ಸೇಬಿನ ಮರದ ಕೆಳಗೆ ಮಗುವಿನ ತಳ್ಳುಗಾಡಿ ಖಾಲಿ ನಿಂತಿತ್ತು. ಬಕೆಟ್ಟು ಅದರೊಳಗೆ ಹೋಯಿತು. ಕೈಗೆ ಅಭ್ಯಾಸಬಲ ನೋಡಿ, ಪಟ್ಟಿ ಬಿಗಿಯಿತು, ತುದಿಯೂ ಕಾಣದಂತೆ ಹಕ್ಕಿಗರಿ ತುಂಬಿದ ಹೊದಿಕೆ ಎಳೆಯಿತು, ಬೆಕ್ಕು ಹಾರದಂತೆ ಬಲೆಯನ್ನೂ ಹಾಕಿತು!

ಕೈ ತೊಳೆದು ಹೊರಗೆ ಬಂದರೆ, ಗಂಟೆ ಇನ್ನೂ ಎರಡು, ಅತ್ತೆ ಆಗಲೇ ತಳ್ಳುಗಾಡಿಯ ಪಕ್ಕ ಕುರ್ಚಿ ಹಾಕಿ ಕೂತಿದ್ದಾರೆ! ಆ ಊರಿನಲ್ಲಿ ಮಧ್ಯಾಹ್ನದ ಹೊತ್ತು ಮಗು ಹೊರಗೆ ಗಾಡಿಯಲ್ಲಿ ಮಲಗದೆ ಇನ್ನೆಲ್ಲಿ ಮಲಗೀತು? ಗಾಡಿಯನ್ನು ಮೆಲ್ಲಗೆ ತೂಗುತ್ತ ಅತ್ತೆ ತುಟಿಗೆ ಬೆರಳಿಟ್ಟರು.

"ಶ್! ಗಾಢ ನಿದ್ದೆ. ಗಾಳಿ ಹಿತವಾಗಿತ್ತು, ಬೇಗ ಬಂದೆ. ಎಷ್ಟು ಸದ್ದಿಲ್ದೆ ಮಲಗಿದಾನೆ ನೋಡು, ಥೇಟ್ ಅವರಪ್ಪ!"

"ಅತ್ತೆ, ಒಳಗೆ ಕಾಫಿ..."

"ಇಲ್ಲಿಗೇ ತಾ. ಗಾಡಿ ಭಾರ ಆಗಿದೆ ಕಣೇ! ಚೆನ್ನಾಗಿ ತೂಕ ಬಂದಿದಾನೆ. ನೀನು ಸುಮ್ಸುಮ್ನೆ ಕೊರಗ್ತೀಯ. ಭಲೇ ತಾಯಿ ನೀನು!"

ಐದು ತಿಂಗಳಿಂದ ಸಿಡ್ಸೆಲ್ ಈ ಒಂದು ಮಾತಿಗಾಗಿ ಬಾಯಿ ಬಿಟ್ಟುಕೊಂಡು ಕಾದಿದ್ದಳು. ಸಿಕ್ಕಿತು, ಬಕೆಟ್ಟಿನ ಕೃಪೆಯಿಂದ! ಇನ್ನು ನಿಜ ಹೇಳುವುದು ಯಾವ ಬಾಯಿಂದ? ಅವಳು ಕಾಫಿ ತಂದಳು, ಕೇಕು ತಂದಳು. ಅತ್ತೆ ಗಿಡವನ್ನು ಅರ್ಧ ಗಂಟೆ ತೂಗಿದರು. ಜೋಗುಳವನ್ನೂ ಹಾಡಿದರು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಎದೆಯ ಮೇಲೆ ಬಾಯಿ ಬಿಟ್ಟು ಅಳುವ ಆಸ್ಗರ್, ಕೈಯಲ್ಲಿ ಹೊಚ್ಚಹೊಸ ಬಂಗಾರದ ಗಿಡ: ಟ್ರೋಲ್ಸ್ ಮಹಾಶಯರ ವಿಜಯೋತ್ಸವದ ಆಗಮನ!

ಅತ್ತೆ ಮಗನನ್ನು ನೋಡಿದರು. ಮೊಮ್ಮಗನನ್ನು ನೋಡಿದರು. ತೂಗುವ ಕೈ ನಿಂತಿತು.

"ಹಾಗಾದ್ರೆ ಇದು ಯಾರು?"

ಅತ್ತೆ ಬಲೆ ತೆಗೆದರು, ಹೊದಿಕೆ ಸರಿಸಿದರು. ಪಟ್ಟಿ ಬಿಗಿಸಿಕೊಂಡು ಹಸಿರು ಸೈಪ್ರೆಸ್ ಗಂಭೀರವಾಗಿ ಕೂತಿತ್ತು.

ಸಿಡ್ಸೆಲ್‌ಳ ಕಟ್ಟೆ ಒಡೆಯಿತು. "ಸತ್ತೋಯ್ತು ಅತ್ತೆ! ನೀವು ನಂಬಿ ಕೊಟ್ರಿ, ನಾನು ಕೊಂದ್ಬಿಟ್ಟೆ! ನನ್ನ ಕೈಲಿ ಏನೂ ಬೆಳೆಯಲ್ಲ! ಆಸ್ಗರನ್ನ ನೀವೇ ಕರ್ಕೊಂಡು ಹೋಗಿ!"

ಅತ್ತೆ ಒಂದು ರೆಂಬೆ ಬಗ್ಗಿಸಿ ನೋಡಿದರು. "ಸತ್ತಿಲ್ವೇ ಹುಚ್ಚಿ. ನೆರಳಲ್ಲಿಟ್ರೆ ಹಸಿರು, ಬಿಸಿಲಿಗೆ ಬಿಟ್ರೆ ಬಂಗಾರ. ಅಷ್ಟೇ ಇದರ ಜಾತಕ." ಆಮೇಲೆ ಅಳುವ ಆಸ್ಗರನ ತಲೆಮೇಲಿದ್ದ ಉಣ್ಣೆ ಟೋಪಿ ತೆಗೆದರು, ಅದರಡಿಯ ಟೋಪಿ ತೆಗೆದರು, ಕೋಟು ಬಿಚ್ಚಿದರು, ಅದರೊಳಗಿನ ಸ್ವೆಟರು ಬಿಚ್ಚಿದರು. ಅವನ ಅಳು ಠಕ್ಕನೆ ನಿಂತಿತು.

"ಸುಮ್ನೆ ಬಿಟ್ರೆ ಎಂಥವರ ಕೈಲೂ ಸಾಯದ ಗಿಡ ಕೊಡಿ ಅಂತ ನರ್ಸರೀಲಿ ಕೇಳಿ ತಂದಿದ್ದೆ ಕಣಮ್ಮ" ಎಂದು ಅತ್ತೆ ನಿಟ್ಟುಸಿರಿಟ್ಟರು. "ಸುಮ್ನೆ ಬಿಡೋದೊಂದು ನಿನಗೆ ಬರಲ್ಲ ಅನ್ನೋದೇ ಮರೆತೆ!"

ಸಿಡ್ಸೆಲ್ ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ಈಗ ಬಾಗಿಲಿನ ಎರಡೂ ಬದಿಗೆ ಎರಡು ಗಿಡಗಳಿವೆ. ನೀರಿನ ಕ್ಯಾನು ಮಾತ್ರ ಅತ್ತೆಯ ಮನೆಯಲ್ಲಿದೆ.