ಖಾನಾವಳಿಯಲ್ಲಿ ಎದೆ ಧಸಕ್ಕೆಂದಾಗ

ದೇಶಪಾಂಡೆ ನಗರದ ಒಂದು ಓಣಿಯಲ್ಲಿ ನಾನೂ ನಮ್ಮ ಯಜಮಾನರೂ ಖಾನಾವಳಿ ಇಟ್ಟು ಹದಿನೆಂಟು ವರ್ಷವಾಯಿತು. ನಾನು ಒಲೆಯ ಮುಂದೆ, ಅವರು ಬಡಿಸುವ ಕಡೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ, ಶೇಂಗಾ ಚಟ್ನಿ, ಮೊಸರು. ಇದರಲ್ಲಿ ಗಾಬರಿಯಾಗುವಂಥದ್ದು ಏನಿದೆ ಅಂತ ನೀವು ಕೇಳಬಹುದು. ಊಟದಲ್ಲಿ ಏನೂ ಇಲ್ಲ. ಉಣ್ಣಲು ಬರುವವರೇ ತಿಂಗಳಿಗೊಮ್ಮೆಯಾದರೂ ನನ್ನ ಎದೆ ಧಸಕ್ಕೆನ್ನಿಸಿ ಹೋಗುತ್ತಾರೆ.

ಹುಡುಗಿಯ ಕೈರುಚಿ

ಒಂದು ಭಾನುವಾರ ಬೆಳಿಗ್ಗೆ ಬೈರಿದೇವರಕೊಪ್ಪದಿಂದ ಒಬ್ಬರು ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದು, ಹತ್ತು ಮಂದಿಗಾಗುವಷ್ಟು ಎಣ್ಣೆಗಾಯಿ ತುಂಬಿಸಿಕೊಂಡರು.

“ಮಗಳನ್ನ ನೋಡಾಕ ಬರಾಕತ್ತಾರ್ರಿ. ಅಡಿಗಿ ಆಕೀನ ಮಾಡ್ಯಾಳ ಅಂತ ಹೇಳೇವಿ. ಆಕಿಗೆ ನೀರು ಕಾಸಾಕೂ ಬರೂದಿಲ್ಲ. ಎಲ್ಲೂ ಬಾಯಿ ಬಿಡಬ್ಯಾಡ್ರಿ ಅಕ್ಕಾರ” ಅಂದರು. ನಾನು ಹೂಂ ಅಂದೆ.

ಮರುದಿನ ನಮ್ಮ ಹಳೆಯ ಗಿರಾಕಿ ಒಬ್ಬಾಕೆ, ವಾರಕ್ಕೆರಡು ಸಲ ಪಾರ್ಸಲ್ ಒಯ್ಯುವವರು, ಸೀದಾ ಅಡುಗೆಮನೆಗೇ ನುಗ್ಗಿದರು.

“ನಿನ್ನೆ ಮಗಗ ಹೆಣ್ಣು ನೋಡಾಕ ಬೈರಿದೇವರಕೊಪ್ಪಕ್ಕ ಹೋಗಿದ್ವಿ. ಹುಡುಗಿ ಮಾಡಿದ್ದು ಅಂತ ಎಣ್ಣೆಗಾಯಿ ಹಾಕಿದ್ರು. ಒಂದು ತುತ್ತು ಬಾಯಾಗ ಇಟ್ಟೆ. ಅದು ನಿಮ್ದು!”

ನನ್ನ ಕೈಯಲ್ಲಿದ್ದ ರೊಟ್ಟಿ ಹಂಚಿಗೆ ಬೀಳುವ ಬದಲು ನೆಲಕ್ಕೆ ಬಿತ್ತು. ನನ್ನ ಬದನೆಕಾಯಿಯಿಂದ ಒಂದು ಹುಡುಗಿಯ ಮದುವೆ ಮುರಿಯಿತಲ್ಲ ಅಂದುಕೊಂಡೆ.

“ಎಲ್ಲಾರ ಎಣ್ಣೆಗಾಯಿನೂ ಹಂಗ ಇರ್ತಾವ್ರಿ” ಅಂದೆ.

“ಸುಳ್ಳು ಹೇಳಬ್ಯಾಡ್ರಿ. ನಿಮ್ಮಷ್ಟು ಹದವಾಗಿ ಗುರೆಳ್ಳು ಹಾಕೂದು ಯಾರಿಗೂ ಬರೂದಿಲ್ಲ.”

“ಹಂಗಾರ… ಸಂಬಂಧ ಬ್ಯಾಡ ಅಂದ್ರೇನ್ರಿ?”

“ಯಾಕ ಬ್ಯಾಡ ಅನ್ಲಿ? ಒಪ್ಪಿಗಿ ಹೇಳೇ ಬಂದೇನಿ!” ಆಕೆ ಬಾಗಿಲ ಕಡೆ ನೋಡಿ ದನಿ ಇಳಿಸಿದರು. “ಬ್ಯಾರೆ ಯಾವಾಕಿರ ಸೊಸಿ ಬಂದು ಖರೇನ ಎಣ್ಣೆಗಾಯಿ ಮಾಡಿದ್ಲಂದ್ರ ನನ್ನ ಗತಿ ಏನು? ಹನ್ನೆರಡು ವರ್ಷದಿಂದ ನಮ್ಮ ಮನಿಯವ್ರು ನಿಮ್ಮ ಎಣ್ಣೆಗಾಯಿ ತಿಂದು ನನ್ನ ಕೈ ಹೊಗಳಾಕತ್ತಾರ!”

ಮನೆಯ ಊಟ

ಹೊಸ ಗಿರಾಕಿ ಯಾರೇ ಬರಲಿ, ನಾಲ್ಕು ತುತ್ತು ಒಳಗೆ ಹೋದ ಮೇಲೆ ನಮ್ಮ ಯಜಮಾನರು ಎದುರು ನಿಂತು “ಹೆಂಗೈತ್ರಿ?” ಅಂತ ಕೇಳಲೇಬೇಕು. ಒಂದು ದಿನ ಕೇಳಿದ್ದಕ್ಕೆ ಆ ಮನುಷ್ಯ ಕಣ್ಣು ಮುಚ್ಚಿ, “ಥೇಟ್ ನಮ್ಮ ಮನ್ಯಾಗ ಮಾಡಿದಂಗ ಐತ್ರಿ” ಅಂದ. ಇವರ ಎದೆ ಉಬ್ಬಿತು. ಕೇಳದಿದ್ದರೂ ಇನ್ನೊಂದು ಬಿಸಿ ರೊಟ್ಟಿ ಹಾಕಿದರು.

ಅವನು ಆ ರೊಟ್ಟಿಯನ್ನೇ ನೋಡುತ್ತ ನಿಟ್ಟುಸಿರು ಬಿಟ್ಟ. “ಅದನ್ನ ತಪ್ಪಿಸಿಕೊಳ್ಳಾಕಂತನ ಉಪ್ಪಿನಬೆಟಗೇರಿಯಿಂದ ಇಲ್ಲೀತನಕ ಬಂದಿದ್ನಿರಿ.”

ಯಜಮಾನರು ಒಂದು ವಾರ ಯಾರನ್ನೂ ಏನೂ ಕೇಳಲಿಲ್ಲ.

ಮಾಸ್ತರು ಹೋದರು

ನಿವೃತ್ತರಾದ ಸಾಲಿ ಮಾಸ್ತರೊಬ್ಬರು ಹೆಂಡತಿ ತೀರಿಕೊಂಡ ಮೇಲೆ ಮಧ್ಯಾಹ್ನದ ಊಟಕ್ಕೆ ನಮ್ಮಲ್ಲಿಗೇ ಬರುತ್ತಿದ್ದರು. ಕಿಟಕಿ ಪಕ್ಕದ ಕುರ್ಚಿ ಅವರದೇ. ಆರು ವರ್ಷ ಒಂದು ದಿನ ತಪ್ಪಿಸಿದವರಲ್ಲ. ಅಂಥವರು ಒಮ್ಮೆ ಎರಡು ದಿನ ಬರಲೇ ಇಲ್ಲ. ಫೋನೂ ಬಂದ್. ಯಜಮಾನರು ತಡೆಯಲಾರದೆ ಅವರ ಪಕ್ಕದ ಮನೆಯವರಿಗೆ ಫೋನ್ ಹಚ್ಚಿದರು. ನಾನೂ ಕಿವಿಗೊಟ್ಟು ನಿಂತೆ.

“ಮಾಸ್ತರು ಹೋದ್ರಲ್ರಿ!” ಅಂದಿತು ಆ ಕಡೆಯ ದನಿ.

ಇವರು ಸ್ಟೂಲಿನ ಮೇಲೆ ಕುಸಿದರು. “ಯಾವಾಗ್ರಿ?”

“ಮೊನ್ನೆ ನಸುಕಿನ್ಯಾಗ.”

“ಭಾಳ ತ್ರಾಸ ಆತೇನ್ರಿ?”

“ಏನಿಲ್ರಿ, ನಕ್ಕೋತ ಹೋದ್ರು. ಮಗಳು, ಅಳಿಯಾ ಬಂದು ಗಾಡ್ಯಾಗ ಮಲಗಿಸಿಕೊಂಡು ಒಯ್ದ್ರು.”

ಮುಂದೆ ಕೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಆ ದಿನವೆಲ್ಲ ಅಳುತ್ತಲೇ ಇದ್ದೆ. ಮರುದಿನ ಬೆಳಿಗ್ಗೆದ್ದು, ಅವರಿಗೆ ಇಷ್ಟವೆಂದು ಹೋಳಿಗೆ ಮಾಡಿ, ಒಂದು ತಾಟು ಬಡಿಸಿ ಅವರ ಜಾಗದಲ್ಲಿಟ್ಟೆ. ಮಧ್ಯಾಹ್ನ ಒಂದಕ್ಕೆ ಯಜಮಾನರು ಬಡಿಸುವುದನ್ನು ನಿಲ್ಲಿಸಿ, “ಎಲ್ಲಾರೂ ಒಂದು ನಿಮಿಷ ಎದ್ದು ನಿಂದರ್ರಿ” ಅಂದರು. ಇಪ್ಪತ್ತು ಮಂದಿ ಎಂಜಲುಗೈಯಲ್ಲೇ ಎದ್ದು ತಲೆ ತಗ್ಗಿಸಿದರು. ನಾನು ಸೆರಗು ಕಣ್ಣಿಗೊತ್ತಿ ನಿಂತೆ.

ನಿಮಿಷ ಮುಗಿದು ಕಣ್ಣು ಬಿಟ್ಟರೆ, ಬಾಗಿಲಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು, ಚಪ್ಪಲಿ ಕಳೆದು, ಎಲ್ಲರಂತೆ ತಲೆ ತಗ್ಗಿಸಿ ಮಾಸ್ತರೂ ನಿಂತಿದ್ದಾರೆ!

ನಾನು ಗೋಡೆ ಹಿಡಿದುಕೊಂಡೆ. ಯಾರದೋ ನೀರಿನ ಲೋಟ ಠಣ್ಣೆಂದು ಉರುಳಿತು. ಮಾಸ್ತರು ಮೆಲ್ಲಗೆ ಹತ್ತಿರ ಬಂದು ಪಿಸುಗುಟ್ಟಿದರು: “ಪಾಪ, ಯಾರು ಹೋದ್ರಪಾ?”

ಯಜಮಾನರು ಅವರ ತೋಳು ಮುಟ್ಟಿ ನೋಡಿದರು. “ನೀವ್ರಿ…”

“ಹೌದಪಾ, ನಾ ಹೋಗಿದ್ದೆ. ಪುಣೆಕ್ಕ, ಮಗಳ ಮನಿಗೆ. ನಸುಕಿನ ನಿದ್ದಿ ಗಾಡ್ಯಾಗ ಮಲಕ್ಕೊಂಡ ಮುಗಿಸಿದೆ.”

ನಡೆದದ್ದನ್ನೆಲ್ಲ ನಾವು ತೊದಲುತ್ತ ಹೇಳಿದೆವು. ಮಾಸ್ತರು ತಮ್ಮ ಕುರ್ಚಿಯ ಮುಂದಿನ ತಾಟನ್ನು ಬಗ್ಗಿ ನೋಡಿದರು. ಆಮೇಲೆ ಕೂತು, ಅಂಗಿಯ ತೋಳು ಮಡಿಚಿದರು.

“ಆರು ವರ್ಷ ಜೀವಂತ ಇದ್ದೆ, ಬರೇ ರೊಟ್ಟಿ ಹಾಕಿದ್ರಿ. ಸತ್ತ ಮ್ಯಾಲೆ ಹೋಳಗಿ! ಹ್ಞಾಂ, ಲಗೂ ತುಪ್ಪ ತರ್ರಿ.”